ಕಿವಿಗೂ ಎಟುಕಲಿ ನಿಮ್ಮ ಜಾಲತಾಣ

ನಮ್ಮ ಕಚೇರಿಗಳ ಪ್ರಕಟಣೆಯೊಂದು ಜಾಲತಾಣಕ್ಕೆ ಏರುವ ದಾರಿ ಸಾಮಾನ್ಯವಾಗಿ ಹೀಗಿರುತ್ತದೆ. ಕಂಪ್ಯೂಟರ್ ಆಪರೇಟರ್ ಅದನ್ನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುತ್ತಾರೆ. ಪ್ರಿಂಟ್ ತೆಗೆದು ಅಧಿಕಾರಿಯ ಮುಂದಿಡುತ್ತಾರೆ, ಸಹಿಯಾಗುತ್ತದೆ, ಮೊಹರು ಬೀಳುತ್ತದೆ. ಸಹಿಯಾದ ಹಾಳೆಯನ್ನು ಸ್ಕ್ಯಾನ್ ಮಾಡಿ, ಪಿಡಿಎಫ್ ಮಾಡಿ, ಅಪ್‌ಲೋಡ್ ಮಾಡುತ್ತಾರೆ. ಕಣ್ಣಿದ್ದವರಿಗೆ ಅದು ಅಚ್ಚಗನ್ನಡದ ಪ್ರಕಟಣೆ. ಪರದೆಯ ಬರಹವನ್ನು ದನಿಯಲ್ಲಿ ಓದಿ ಹೇಳುವ ಸ್ಕ್ರೀನ್ ರೀಡರ್ ಇಟ್ಟುಕೊಂಡು ಓದುವ ಅಂಧ ವಿದ್ಯಾರ್ಥಿಗೆ ಅಲ್ಲಿ ಒಂದಕ್ಷರವೂ ಇಲ್ಲ. ಅವನು ಕಾಯುತ್ತಿದ್ದ ವಿದ್ಯಾರ್ಥಿವೇತನದ ಕೊನೆಯ ದಿನಾಂಕ ಅದೇ ಹಾಳೆಯಲ್ಲಿದ್ದರೂ ಅವನ ಫೋನು ಸುಮ್ಮನಿರುತ್ತದೆ, ಇಲ್ಲವೇ ‘ಖಾಲಿ ಪುಟ’ ಎನ್ನುತ್ತದೆ.

ವಿಶೇಷ ಚೇತನರಿಗೆ ಎಟುಕುವಂತೆ ಜಾಲತಾಣ ಕಟ್ಟುವುದೆಂದರೆ ಸಾಫ್ಟ್‌ವೇರ್ ಕಂಪನಿಯವರ ಕೆಲಸ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಅವರ ಪಾಲು ಇದೆ, ನಿಜ. ಆದರೆ ಕನ್ನಡದ ಜಾಲತಾಣಗಳ ಮಟ್ಟಿಗೆ ಬಾಗಿಲು ತೆರೆಯುವುದೂ ಮುಚ್ಚುವುದೂ ಹೆಚ್ಚಾಗಿ ದಿನವೂ ಅಲ್ಲಿಗೆ ಬರಹ, ಚಿತ್ರ, ಸುತ್ತೋಲೆ ಏರಿಸುವವರ ಕೈಯಲ್ಲಿದೆ. ಶಾಲೆಯ ಗುಮಾಸ್ತರು, ಸಹಕಾರಿ ಬ್ಯಾಂಕಿನ ಕಾರ್ಯದರ್ಶಿ, ಸುದ್ದಿತಾಣದ ಉಪಸಂಪಾದಕರು, ದೇವಸ್ಥಾನದ ಸೇವಾಪಟ್ಟಿ ಹಾಕುವವರು, ಸಾಹಿತ್ಯ ಸಂಘದ ಆಮಂತ್ರಣ ಹಂಚುವವರು. ಈ ಲೇಖನ ಮುಖ್ಯವಾಗಿ ಅವರಿಗಾಗಿ.

2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದರು. ಕರ್ನಾಟಕದಲ್ಲೇ 13 ಲಕ್ಷಕ್ಕೂ ಹೆಚ್ಚು. ಆಗ ಗುರುತಿಸಿದ್ದು ಕೆಲವೇ ಬಗೆಯ ವೈಕಲ್ಯಗಳನ್ನು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಪಟ್ಟಿಯನ್ನು 21ಕ್ಕೆ ಹಿಗ್ಗಿಸಿತು. ಇವರ ಜೊತೆಗೆ ಪೊರೆ ಬಂದ ಕಣ್ಣಿನ ಅಜ್ಜಿ, ಪಾರ್ಶ್ವವಾಯು ಬಡಿದು ಒಂದೇ ಕೈ ಆಡುವ ತಂದೆ, ಕಿವಿ ಮಂದವಾದ ನಿವೃತ್ತ ಮೇಷ್ಟ್ರು ಕೂಡ ಇಂದು ಪಿಂಚಣಿಗೂ ಪಹಣಿಗೂ ಮೊಬೈಲಿನ ಪರದೆಯನ್ನೇ ನೋಡಬೇಕಾಗಿದೆ.

ಮೊದಲು ನಿಮ್ಮ ತಾಣವನ್ನು ಕಿವಿಯಲ್ಲಿ ಕೇಳಿ

ಕೇಳಿಸಿಕೊಳ್ಳದೆ ಇದು ಅರ್ಥವಾಗುವುದಿಲ್ಲ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಎಂಬಲ್ಲಿ ಟಾಕ್‌ಬ್ಯಾಕ್ ಇದೆ, ಅದನ್ನು ಆನ್ ಮಾಡಿ. ಈಗ ಫೋನಿನ ನಡವಳಿಕೆ ಬದಲಾಗುತ್ತದೆ: ಒಮ್ಮೆ ಮುಟ್ಟಿದರೆ ಅಲ್ಲಿರುವುದನ್ನು ಓದಿ ಹೇಳುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ, ಒಂದು ಬೆರಳನ್ನು ಬಲಕ್ಕೆ ಸರಿಸಿದರೆ ಮುಂದಿನದಕ್ಕೆ ಹೋಗುತ್ತದೆ. ಸಾಮಾನ್ಯವಾಗಿ ವಾಲ್ಯೂಮಿನ ಎರಡೂ ಗುಂಡಿಗಳನ್ನು ಒಟ್ಟಿಗೆ ಒತ್ತಿಹಿಡಿದರೆ ಆಫ್ ಆಗುತ್ತದೆ. ಐಫೋನಿನಲ್ಲಿ ಇದೇ ಕೆಲಸಕ್ಕೆ ವಾಯ್ಸ್‌ಓವರ್ ಇದೆ. ವಿಂಡೋಸ್ ಕಂಪ್ಯೂಟರಿಗೆ ಎನ್‌ವಿಡಿಎ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಮೈಕೆಲ್ ಕರ್ರನ್ ಎಂಬ ಆಸ್ಟ್ರೇಲಿಯಾದ ಅಂಧ ತರುಣ 2006ರಲ್ಲಿ ಬರೆಯಲು ತೊಡಗಿದ, ದುಡ್ಡಿಲ್ಲದ ಅಂಧರಿಗೂ ಕಂಪ್ಯೂಟರ್ ಸಿಗಬೇಕೆಂಬ ಹಟದಿಂದ ಬೆಳೆದ ತಂತ್ರಾಂಶ ಅದು. ಅದರ ಜೊತೆಗೇ ಬರುವ ಈಸ್ಪೀಕ್ ಧ್ವನಿಗೆ ಕನ್ನಡ ಬರುತ್ತದೆ. ದನಿ ಸ್ವಲ್ಪ ಯಾಂತ್ರಿಕ, ಆದರೂ ಅದನ್ನು ನಿತ್ಯ ಬಳಸುವವರು ನಮಗೆ ಹಿಡಿಯಲಾಗದ ವೇಗದಲ್ಲಿ ಕೇಳಿ ಅರ್ಥ ಮಾಡಿಕೊಳ್ಳುತ್ತಾರೆ.

ಕಣ್ಣು ಮುಚ್ಚಿಕೊಂಡು ನಿಮ್ಮ ತಾಣದಲ್ಲಿ ಒಂದೇ ಒಂದು ಕೆಲಸ ಮಾಡಿ ನೋಡಿ. ಕಚೇರಿಯ ಫೋನ್ ನಂಬರ್ ಹುಡುಕಿ, ಅಥವಾ ಒಂದು ಅರ್ಜಿ ತೆರೆಯಿರಿ. ‘ಬಟನ್, ಹೆಸರಿಲ್ಲ’, ‘ಇಮೇಜ್’, ‘ಲಿಂಕ್, ಇಲ್ಲಿ ಕ್ಲಿಕ್ ಮಾಡಿ’, ಮತ್ತೆ ‘ಲಿಂಕ್, ಇಲ್ಲಿ ಕ್ಲಿಕ್ ಮಾಡಿ’ ಎಂಬ ಮಾತುಗಳೇ ಕಿವಿಗೆ ಬಿದ್ದರೆ ಕೆಲಸ ಎಲ್ಲಿಂದ ಶುರುವಾಗಬೇಕೆಂದು ಬೇರೆಯವರು ಹೇಳಬೇಕಿಲ್ಲ.

ಯೂನಿಕೋಡ್ ಆಗದ ಕನ್ನಡ ಕನ್ನಡವೇ ಅಲ್ಲ

ನಮ್ಮ ಭಾಷೆಗೇ ಅಂಟಿಕೊಂಡ, ಪಾಶ್ಚಾತ್ಯ ಕೈಪಿಡಿಗಳು ಹೇಳದ ತೊಡಕೊಂದಿದೆ. ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮುಂಚೆ ಕನ್ನಡ ಟೈಪ್ ಮಾಡಲು ಒಂದು ಉಪಾಯ ಹೂಡಿದ್ದರು: ಕಂಪ್ಯೂಟರಿಗೆ ಇಂಗ್ಲಿಷಿನ, ಯುರೋಪಿನ ಅಕ್ಷರಗಳನ್ನೇ ಕೊಡುವುದು, ಆದರೆ ಫಾಂಟಿನಲ್ಲಿ ಆ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಚಿತ್ರಿಸಿಡುವುದು. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳು ಈ ಬಗೆಯವು. ಅವು ಆ ಕಾಲಕ್ಕೆ ಕನ್ನಡವನ್ನು ಕಂಪ್ಯೂಟರಿನಲ್ಲಿ ಉಳಿಸಿದವು, ಆ ಋಣ ದೊಡ್ಡದು. ಆದರೆ ನುಡಿಯ ಹಳೆ ಫಾಂಟಿನಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿದಾಗ ಕಡತದೊಳಗೆ ಕೂರುವುದು ‘ಪಿ’, ತಲೆಯ ಮೇಲೆ ಗೆರೆಯಿರುವ ‘ಎ’, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅದೇ ‘ಎ’, ಜರ್ಮನ್ನರ ಒಂದು ಅಕ್ಷರ, ‘ಕ್ಯೂ’, ಮತ್ತೊಂದು ‘ಎ’. ನಮ್ಮ ಕಣ್ಣಿಗೆ ಫಾಂಟ್ ಇದನ್ನು ಕನ್ನಡವಾಗಿ ಕಾಣಿಸುತ್ತದೆ. ಸ್ಕ್ರೀನ್ ರೀಡರಿಗೆ ಫಾಂಟ್ ಕಾಣುವುದಿಲ್ಲ. ಅದು ‘ಪಿ, ಎ, ಪೌಂಡ್’ ಎಂದು ಓದುತ್ತ ಹೋಗುತ್ತದೆ. ಇಡೀ ಆದೇಶವನ್ನು ಹೀಗೆ ಕೇಳಿಸಿಕೊಳ್ಳಬೇಕಾದವರ ಪಾಡನ್ನು ಊಹಿಸಿ.

ಪರೀಕ್ಷೆ ಸುಲಭ. ನಿಮ್ಮ ತಾಣದ ಪುಟದಿಂದಲೋ ಪಿಡಿಎಫ್‌ನಿಂದಲೋ ಒಂದು ಸಾಲನ್ನು ಕಾಪಿ ಮಾಡಿ, ವಾಟ್ಸ್‌ಆ್ಯಪ್‌ನಲ್ಲಿ ಪೇಸ್ಟ್ ಮಾಡಿ. ಕನ್ನಡವೇ ಬಂದರೆ ಅದು ಯೂನಿಕೋಡ್. ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಬಂದರೆ ಹಳೆ ಫಾಂಟು. ಸಾಲನ್ನು ಆಯ್ಕೆ ಮಾಡಲೇ ಆಗದಿದ್ದರೆ ಅದು ಬರಹವಲ್ಲ, ಫೋಟೊ.

ಮೊದಲನೆಯದಕ್ಕೆ ಪರಿಹಾರ ಬೇಕಿಲ್ಲ, ಉಳಿದೆರಡಕ್ಕೂ ಪರಿಹಾರವಿದೆ. ಇನ್ನು ಮುಂದಿನ ಬರಹವನ್ನೆಲ್ಲ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ನುಡಿ, ಬರಹ ಎರಡರ ಹೊಸ ಆವೃತ್ತಿಗಳಲ್ಲೂ ಯೂನಿಕೋಡ್ ಇದೆ. ಟೈಪಿಸ್ಟರು ಕೈಗೆ ಒಗ್ಗಿದ ಕೀಲಿಮಣೆ ವಿನ್ಯಾಸವನ್ನು ಬದಲಿಸಬೇಕಾಗಿಲ್ಲ, ಆಯ್ಕೆಯೊಂದನ್ನು ಬದಲಿಸಿದರೆ ಸಾಕು. ಹಳೆಯ ಕಡತಗಳಿಗೆ ಪರಿವರ್ತಕಗಳಿವೆ. ಪರಿವರ್ತಿಸಿದ ಮೇಲೆ ಒಬ್ಬರು ಕೂತು ಓದಲೇಬೇಕು, ಅದರಲ್ಲೂ ಅರ್ಕಾವತ್ತು ಇರುವ ಪದಗಳನ್ನು. ಹಳೆ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂತಿರುತ್ತದೆ, ಯೂನಿಕೋಡ್‌ನಲ್ಲಿ ಮುಂಚೆ ಬರಬೇಕು. ಅಂಥ ಕಡೆ ಎಡವಟ್ಟು ಆಗುವುದುಂಟು. ಮೂಲವೇ ಕಳೆದುಹೋಗಿ ಸ್ಕ್ಯಾನ್ ಮಾತ್ರ ಉಳಿದಿದ್ದರೆ ಚಿತ್ರದಿಂದ ಅಕ್ಷರ ಹಿಡಿಯುವ ಒಸಿಆರ್ ಇದೆ. ಟೆಸೆರಾಕ್ಟ್ ಎಂಬ ಮುಕ್ತ ತಂತ್ರಾಂಶಕ್ಕೂ ಗೂಗಲ್ ಡ್ರೈವ್‌ಗೂ ಕನ್ನಡ ಓದಲು ಬರುತ್ತದೆ. ಅಚ್ಚು ಸ್ಪಷ್ಟವಾಗಿದ್ದರೆ ಚೆನ್ನಾಗಿಯೇ ಓದುತ್ತವೆ, ಮೊಹರಿನ ಕೆಳಗಿನ ಸಾಲುಗಳನ್ನು ಕೈಯಿಂದ ತಿದ್ದಬೇಕಾಗುತ್ತದೆ.

ಯೂನಿಕೋಡ್‌ನಲ್ಲೇ ಟೈಪ್ ಮಾಡಿ ಪಿಡಿಎಫ್ ಮಾಡಿದರೂ ತೊಂದರೆ ಪೂರ್ತಿ ಮುಗಿಯುವುದಿಲ್ಲ. ಪಿಡಿಎಫ್ ಮೂಲತಃ ಅಚ್ಚಿಗಾಗಿ ಹುಟ್ಟಿದ ರೂಪ. ಯಾವ ಗೆರೆ ಎಲ್ಲಿ ಬೀಳಬೇಕು ಎಂಬುದಷ್ಟೇ ಅದರ ಕಾಳಜಿ. ಒತ್ತಕ್ಷರ, ಗುಣಿತಾಕ್ಷರಗಳಿರುವ ನಮ್ಮ ಲಿಪಿಯನ್ನು ಅದರಿಂದ ಮರಳಿ ತೆಗೆಯುವಾಗ ಅಕ್ಷರಗಳ ಸರದಿ ತಪ್ಪುವುದುಂಟು. ಹೀಗಾಗಿ ನನ್ನ ಖಚಿತ ಅಭಿಪ್ರಾಯ ಇದು: ಜನ ಓದಲೇಬೇಕಾದ ಯಾವ ವಿಷಯವನ್ನೂ ಪಿಡಿಎಫ್‌ನಲ್ಲಿ ಮಾತ್ರ ಕೊಡಬಾರದು. ಅದೇ ಮಾತುಗಳನ್ನು ಜಾಲಪುಟದಲ್ಲೇ ಬರಹವಾಗಿ ಹಾಕಿ, ಸಹಿ ಮಾಡಿದ ಪ್ರತಿಯನ್ನು ಕೆಳಗೆ ಲಗತ್ತಿಸಿ. ಸಹಿಯ ಪ್ರತಿ ದಾಖಲೆಗೆ, ಬರಹ ಓದುಗರಿಗೆ. ಪಿಡಿಎಫ್ ಕೊಡಲೇಬೇಕಿದ್ದರೆ ವರ್ಡ್‌ನಲ್ಲಿ ‘ಪ್ರಿಂಟ್ ಟು ಪಿಡಿಎಫ್’ ಒತ್ತಬೇಡಿ, ‘ಸೇವ್ ಆ್ಯಸ್ ಪಿಡಿಎಫ್’ ಆರಿಸಿ. ಶೀರ್ಷಿಕೆ, ಪಟ್ಟಿ, ಕೋಷ್ಟಕಗಳ ಗುರುತು ಆಗ ಉಳಿಯುತ್ತದೆ.

ಯೂನಿಕೋಡ್ ಪುಟ ಗೂಗಲ್ ಹುಡುಕಾಟದಲ್ಲೂ ಸಿಗುತ್ತದೆ. ಹಳೆ ಫಾಂಟಿನ ಪುಟ ಕಣ್ಣಿದ್ದವರಿಗೂ ಸಿಗುವುದಿಲ್ಲ.

ಇನ್ನೊಂದು ಚಿಕ್ಕ ಕೆಲಸವನ್ನು ತಾಣ ಕಟ್ಟಿದವರಿಂದ ಮಾಡಿಸಿ. ಪುಟದ ಎಚ್‌ಟಿಎಂಎಲ್‌ನ ಆರಂಭದಲ್ಲೇ ಭಾಷೆ ಯಾವುದೆಂದು ಹೇಳುವ ‘ಲ್ಯಾಂಗ್’ ಎಂಬ ಗುಣವಿರುತ್ತದೆ. ಅಲ್ಲಿ ಇಂಗ್ಲಿಷಿನ ‘ಇಎನ್’ ಇದ್ದರೆ ಕನ್ನಡ ಪುಟವನ್ನೂ ಇಂಗ್ಲಿಷ್ ಧ್ವನಿ ಓದಲು ಹೊರಡಬಹುದು. ಅದನ್ನು ‘ಕೆಎನ್’ ಎಂದು ಬದಲಿಸುವುದು ಅರ್ಧ ನಿಮಿಷದ ಕೆಲಸ. ಎಷ್ಟೋ ಕನ್ನಡ ತಾಣಗಳು ವಿದೇಶಿ ಟೆಂಪ್ಲೇಟಿನ ಮೇಲೆ ಕಟ್ಟಿರುವುದರಿಂದ ಇದು ತಪ್ಪಾಗಿಯೇ ಉಳಿದಿರುತ್ತದೆ.

ಬರೆಯುವವರ ಕೈಯಲ್ಲಿರುವುದು

ಎಲ್ಲರಿಗೂ ಎಟುಕುವ ತಾಣ ಕಟ್ಟುವುದಕ್ಕೆ ಜಗತ್ತಿನಲ್ಲಿ ಒಪ್ಪಿತವಾದ ಮಾನದಂಡ ಡಬ್ಲ್ಯುಸಿಎಜಿ. ವೆಬ್‌ನ ಗುಣಮಟ್ಟ ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 1999ರಲ್ಲಿ ಅದರ ಮೊದಲ ಆವೃತ್ತಿ ತಂದಿತು. 2023ರ ಅಕ್ಟೋಬರಿನಲ್ಲಿ ಬಂದದ್ದು 2.2. ಅದರಲ್ಲಿ ಎ, ಎಎ, ಎಎಎ ಎಂಬ ಮೂರು ಹಂತಗಳಿದ್ದು ಸಾಮಾನ್ಯವಾಗಿ ಎಲ್ಲರೂ ಗುರಿಯಿಡುವುದು ಎಎ ಹಂತಕ್ಕೆ. ಪೂರ್ತಿ ಓದಲು ಅದು ಕಗ್ಗಂಟಿನಂತಿದೆ. ನಿತ್ಯದ ಕೆಲಸಕ್ಕೆ ಬೇಕಾದದ್ದು ಕೆಲವೇ ಸಂಗತಿ.

ಚಿತ್ರಕ್ಕೆ ವಿವರಣೆ ಬರೆಯುವುದು ಮೊದಲನೆಯದು. ಚಿತ್ರ ಏರಿಸುವಾಗ ‘ಆಲ್ಟ್ ಟೆಕ್ಸ್ಟ್’ ಎಂಬ ಖಾನೆ ಕಾಣಿಸುತ್ತದೆ, ಬಹುತೇಕರು ಅದನ್ನು ಖಾಲಿ ಬಿಡುತ್ತಾರೆ. ಅಲ್ಲಿ ಚಿತ್ರ ಯಾಕೆ ಇದೆಯೋ ಅದನ್ನು ಕನ್ನಡದಲ್ಲಿ ಬರೆಯಬೇಕು. ‘ಫೋಟೊ’, ‘ಕಾರ್ಯಕ್ರಮದ ಚಿತ್ರ’ ಎಂದರೆ ಏನೂ ಹೇಳಿದಂತಾಗಲಿಲ್ಲ. ‘ಶಾಲಾ ವಾರ್ಷಿಕೋತ್ಸವದಲ್ಲಿ ಡೊಳ್ಳು ಬಾರಿಸುತ್ತಿರುವ ಏಳನೇ ತರಗತಿಯ ಹುಡುಗಿಯರು’ ಎಂದರೆ ಕೇಳುವವರಿಗೂ ಚಿತ್ರ ಸಿಕ್ಕಿತು. ಅಂದಕ್ಕಷ್ಟೇ ಇಟ್ಟ ಹೂಬಳ್ಳಿಯ ಅಂಚಿಗೆ ವಿವರಣೆ ಬೇಡ. ಆಗ ಆ ಖಾನೆಯನ್ನು ಬೇಕೆಂದೇ ಖಾಲಿ ಬಿಡುವುದು ಸರಿ.

ಆದರೆ ನಮ್ಮಲ್ಲಿ ಆಮಂತ್ರಣ ಪತ್ರಿಕೆಯಿಂದ ಹಿಡಿದು ಆರೋಗ್ಯ ಶಿಬಿರದ ಕರಪತ್ರದವರೆಗೆ ಎಲ್ಲವೂ ಚಿತ್ರವೇ. ಪುಸ್ತಕ ಬಿಡುಗಡೆಯ ದಿನ, ಸ್ಥಳ, ಅತಿಥಿಗಳ ಹೆಸರು ಎಲ್ಲವನ್ನೂ ಬಣ್ಣದ ಪೋಸ್ಟರಿನೊಳಗೆ ಹುದುಗಿಸಿ ‘ಎಲ್ಲರಿಗೂ ಆದರದ ಸ್ವಾಗತ’ ಎಂದಷ್ಟೇ ಮೇಲೆ ಬರೆಯುತ್ತಾರೆ. ಆ ‘ಎಲ್ಲರೂ’ ಎಂಬುದರಲ್ಲಿ ಕಣ್ಣಿಲ್ಲದ ಓದುಗರು ಸೇರಬೇಕಾದರೆ ದಿನಾಂಕ, ಸಮಯ, ಸ್ಥಳ ಮೂರನ್ನೂ ಪೋಸ್ಟರಿನ ಕೆಳಗೆ ಅಕ್ಷರದಲ್ಲಿ ಬರೆಯಿರಿ. ಫೇಸ್‌ಬುಕ್ಕಿಗೂ ವಾಟ್ಸ್‌ಆ್ಯಪ್‌ಗೂ ಇದೇ ಮಾತು.

ಶೀರ್ಷಿಕೆಗಳು ಎರಡನೆಯದು. ನಾವು ಪತ್ರಿಕೆ ಬಿಡಿಸಿದಾಗ ತಲೆಬರಹಗಳ ಮೇಲೆ ಕಣ್ಣಾಡಿಸಿ ಬೇಕಾದಲ್ಲಿ ನಿಲ್ಲುವಂತೆ ಅಂಧರೂ ಪುಟವನ್ನು ಶೀರ್ಷಿಕೆಗಳ ಮೇಲೆ ಹಾರುತ್ತ ಓದುತ್ತಾರೆ. ಎನ್‌ವಿಡಿಎಯಲ್ಲಿ ‘ಎಚ್’ ಕೀಲಿ ಒತ್ತಿದರೆ ಮುಂದಿನ ಶೀರ್ಷಿಕೆ, ‘ಟಿ’ ಒತ್ತಿದರೆ ಮುಂದಿನ ಕೋಷ್ಟಕ. ಇದು ಕೆಲಸ ಮಾಡಬೇಕಾದರೆ ಶೀರ್ಷಿಕೆಯನ್ನು ‘ಹೆಡಿಂಗ್’ ಎಂದೇ ಗುರುತಿಸಿರಬೇಕು. ಸಾಲನ್ನು ದಪ್ಪ ಮಾಡಿ ದೊಡ್ಡದಾಗಿಸಿದರೆ ಕಣ್ಣಿಗಷ್ಟೇ ಶೀರ್ಷಿಕೆ. ಲಿಂಕ್‌ಗಳೂ ಹಾಗೆಯೇ. ಸ್ಕ್ರೀನ್ ರೀಡರ್ ಪುಟದ ಲಿಂಕ್‌ಗಳನ್ನೆಲ್ಲ ಪಟ್ಟಿ ಮಾಡಿ ಹೇಳಬಲ್ಲದು. ಆ ಪಟ್ಟಿಯಲ್ಲಿ ಇಪ್ಪತ್ತು ಸಲ ‘ಇಲ್ಲಿ ಕ್ಲಿಕ್ ಮಾಡಿ’ ಇದ್ದರೆ ಏನು ಪ್ರಯೋಜನ? ‘ವಿದ್ಯಾರ್ಥಿನಿಲಯದ ಅರ್ಜಿ ನಮೂನೆ’ ಎಂಬ ಮಾತನ್ನೇ ಲಿಂಕ್ ಮಾಡಿ. ಜಿ.ಪಂ., ತಾ.ಪಂ., ಸಂ., ದಿ. ಎಂಬ ಚುಟುಕು ರೂಪಗಳನ್ನು ಯಂತ್ರ ಇದ್ದಂತೆಯೇ ಉಚ್ಚರಿಸುತ್ತದೆ, ಬಿಡಿಸಿ ಬರೆಯಿರಿ.

ಬಣ್ಣದ ವಿಷಯದಲ್ಲಿ ನಮಗೊಂದು ಪ್ರೀತಿಯ ತೊಡಕಿದೆ. ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನ ಅಂತರ ಕನಿಷ್ಠ 4.5ಕ್ಕೆ 1 ಇರಬೇಕೆನ್ನುತ್ತದೆ ಮಾನದಂಡ. ದೊಡ್ಡ ಅಕ್ಷರಗಳಿಗೆ 3ಕ್ಕೆ 1 ಸಾಕು. ನವೆಂಬರ್ ಬಂತೆಂದರೆ ನಾವೆಲ್ಲ ಕೆಂಪು ಪಟ್ಟಿಯ ಮೇಲೆ ಹಳದಿ ಅಕ್ಷರ ಬರೆಯುತ್ತೇವೆ. ಅಪ್ಪಟ ಕೆಂಪಿನ ಮೇಲೆ ಅಪ್ಪಟ ಹಳದಿಯ ಅಂತರ 3.7ರಷ್ಟು ಮಾತ್ರ. ದೊಡ್ಡ ತಲೆಬರಹಕ್ಕೆ ನಡೆಯುತ್ತದೆ, ಸಣ್ಣ ಅಕ್ಷರದ ಲೇಖನಕ್ಕೆ ಸಾಲದು. ಕೆಂಪನ್ನು ಕಡುಗೆಂಪಾಗಿಸಿದರೆ ಅದೇ ಅಂತರ 9ರ ಆಚೆ ಹೋಗುತ್ತದೆ, ಬಾವುಟದ ಬಣ್ಣವೂ ಉಳಿಯುತ್ತದೆ. ಬಿಳಿಯ ಮೇಲೆ ಹಳದಿ ಅಕ್ಷರ ಬರೆದರೆ ಅಂತರ 1ಕ್ಕಿಂತ ಚೂರು ಹೆಚ್ಚು, ಮಂದ ದೃಷ್ಟಿಯವರಿಗೆ ಅಲ್ಲಿ ಏನೂ ಕಾಣುವುದಿಲ್ಲ. ಅಂತರ ಅಳೆದುಕೊಡುವ ಉಚಿತ ಸಾಧನಗಳು ಇಂಟರ್ನೆಟ್ಟಿನಲ್ಲಿವೆ. ವೆಬ್‌ಏಮ್ ಸಂಸ್ಥೆ ಪ್ರತಿವರ್ಷ ಹತ್ತು ಲಕ್ಷ ತಾಣಗಳ ಮುಖಪುಟಗಳನ್ನು ಯಂತ್ರದಿಂದ ಪರೀಕ್ಷಿಸುತ್ತದೆ. ಅದರಲ್ಲಿ ಸದಾ ಮೊದಲ ಸ್ಥಾನದಲ್ಲಿರುವ ದೋಷ ಈ ಮಂಕು ಬಣ್ಣವೇ.

ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಇಂಗ್ಲಿಷಿಗೆ ಸಾಕೆನಿಸುವ ಅಕ್ಷರ ಗಾತ್ರ, ಸಾಲಿನ ನಡುವಿನ ಅಂತರ ನಮಗೆ ಸಾಲವು. ಎರಡನ್ನೂ ಧಾರಾಳವಾಗಿ ಕೊಡಿ. ಪುಟವನ್ನು ಎರಡು ಪಟ್ಟು ಹಿಗ್ಗಿಸಿದಾಗ ಅಕ್ಷರಗಳು ಒಂದರ ಮೇಲೊಂದು ಬೀಳದಂತೆ ನೋಡಿಕೊಳ್ಳಿ. ‘ಕೆಂಪು ಬಣ್ಣದ ಕಾಲಂಗಳು ಕಡ್ಡಾಯ’ ಎಂದು ಬಣ್ಣದಿಂದಲೇ ಸೂಚನೆ ಕೊಡಬೇಡಿ; ‘ಕಡ್ಡಾಯ’ ಎಂಬ ಮಾತನ್ನೇ ಬರೆಯಿರಿ. ಓಡುವ ಸಾಲುಗಳನ್ನು, ಮಿಟುಕುವ ‘ಹೊಸತು’ ಚಿತ್ರಗಳನ್ನು ದಯವಿಟ್ಟು ತೆಗೆದುಬಿಡಿ. ಗಮನ ಹಿಡಿದಿಡಲು ಕಷ್ಟಪಡುವವರಿಗೆ, ನಿಧಾನವಾಗಿ ಓದುವವರಿಗೆ ಅವು ಹಿಂಸೆ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿಂಚುವ ಚಿತ್ರ ಕೆಲವರಲ್ಲಿ ಫಿಟ್ಸ್ ತರಿಸಬಹುದು.

ವಿಡಿಯೊ ಹಾಕುವವರು ಕಿವುಡರನ್ನು ನೆನೆಯಬೇಕು. ಮಾತನ್ನು ಪರದೆಯ ಕೆಳಗೆ ಕನ್ನಡದಲ್ಲಿ ಬರೆದುಕೊಡುವ ಕ್ಯಾಪ್ಷನ್ ಕಡತವನ್ನು ನೋಟ್‌ಪ್ಯಾಡ್‌ನಲ್ಲೇ ತಯಾರಿಸಬಹುದು. ಯಂತ್ರ ತಾನಾಗಿ ಬರೆದದ್ದನ್ನು ತಿದ್ದದೆ ಹಾಕಬೇಡಿ, ಹೆಸರುಗಳೂ ಅಂಕಿಗಳೂ ಅದರಲ್ಲಿ ಕೆಡುತ್ತವೆ. ಹುಟ್ಟಿನಿಂದ ಕಿವಿ ಕೇಳದ ಅನೇಕರಿಗೆ ಸಂಜ್ಞಾ ಭಾಷೆಯೇ ಮೊದಲ ಭಾಷೆ, ಬರಹದ ಕನ್ನಡ ಆಮೇಲೆ ಕಲಿತದ್ದು. ‘ಸದರಿ ಯೋಜನೆಯಡಿ ಸೌಲಭ್ಯ ಪಡೆಯಲಿಚ್ಛಿಸುವ ಅರ್ಹ ಫಲಾನುಭವಿಗಳು’ ಎಂದು ಶುರುವಾಗುವ ವಾಕ್ಯ ಅವರಿಗೂ ಕಷ್ಟ, ಬೌದ್ಧಿಕ ವೈಕಲ್ಯ ಇರುವವರಿಗೂ ಕಷ್ಟ. ‘ಈ ಯೋಜನೆಗೆ ಯಾರು ಅರ್ಜಿ ಹಾಕಬಹುದು?’ ಎಂದು ಕೇಳಿ, ಚಿಕ್ಕ ವಾಕ್ಯಗಳಲ್ಲಿ ಉತ್ತರ ಕೊಡಿ.

ತಾಣ ಕಟ್ಟುವವರಿಂದ ಕೇಳಿ ಪಡೆಯಬೇಕಾದದ್ದು

ಮೌಸ್ ಕಿತ್ತಿಡಿ. ಟ್ಯಾಬ್ ಕೀಲಿ ಒತ್ತುತ್ತ ಹೋಗಿ. ಕೈ ನಡುಗುವವರು, ಮೌಸ್ ಹಿಡಿಯಲಾಗದವರು ಹೀಗೆಯೇ ತಾಣ ಬಳಸುವುದು. ಈಗ ಎಲ್ಲಿದ್ದೇವೆಂದು ತೋರಿಸುವ ಚೌಕಟ್ಟು ಪ್ರತಿ ಲಿಂಕ್, ಪ್ರತಿ ಗುಂಡಿಯ ಸುತ್ತ ಕಾಣಿಸಬೇಕು. ಅಂದಗೆಡುತ್ತದೆಂದು ಕೆಲವು ವಿನ್ಯಾಸಕಾರರು ಆ ಚೌಕಟ್ಟನ್ನು ಅಳಿಸಿರುತ್ತಾರೆ, ಮರಳಿ ಹಾಕಿಸಿ. ಮೆನು ತೆರೆದುಕೊಳ್ಳಬೇಕು, ಒಳಗೆ ಸಿಕ್ಕಿಕೊಳ್ಳದೆ ಹೊರಬರಲೂ ಆಗಬೇಕು. ಮುಟ್ಟುವ ಗುಂಡಿಗಳು 24 ಪಿಕ್ಸೆಲ್‌ಗಿಂತ ಕಿರಿದಾಗಿರಬಾರದೆಂಬುದು ಡಬ್ಲ್ಯುಸಿಎಜಿ 2.2ರ ಹೊಸ ನಿಯಮ. ಬೆರಳು ದಪ್ಪವಿರುವ ಎಲ್ಲರಿಗೂ ಅದರಿಂದ ಉಪಕಾರವೇ.

ಅರ್ಜಿ ನಮೂನೆಗಳಲ್ಲಿ ಜನ ಸೋತುಹೋಗುತ್ತಾರೆ. ಪ್ರತಿ ಖಾನೆಗೂ ‘ತಂದೆಯ ಹೆಸರು’, ‘ಪಿನ್ ಕೋಡ್’ ಎಂಬ ಲೇಬಲ್ ಕೋಡಿನಲ್ಲೇ ಜೋಡಿಸಿರಬೇಕು. ಖಾನೆಯೊಳಗೆ ಮಸುಕಾಗಿ ಕಾಣುವ ಪದ ಟೈಪ್ ಮಾಡಲು ತೊಡಗಿದ ಕೂಡಲೇ ಮಾಯವಾಗುತ್ತದೆ, ಅದು ಲೇಬಲ್ ಅಲ್ಲ. ತಪ್ಪಾದಾಗ ‘ದೋಷ ಕಂಡುಬಂದಿದೆ’ ಎಂದಷ್ಟೇ ಹೇಳದೆ ‘ಮೊಬೈಲ್ ಸಂಖ್ಯೆಯಲ್ಲಿ 10 ಅಂಕಿ ಇರಬೇಕು’ ಎಂದು ಹೇಳಬೇಕು. ಹುಟ್ಟಿದ ದಿನಾಂಕಕ್ಕೆ ಪುಟ್ಟ ಕ್ಯಾಲೆಂಡರ್ ಮಾತ್ರ ಕೊಟ್ಟರೆ 1958ರವರೆಗೆ ಹಿಂದೆ ಸರಿಯುವಷ್ಟರಲ್ಲಿ ಅಜ್ಜನ ಕೈ ಸೋಲುತ್ತದೆ. ಟೈಪ್ ಮಾಡಲು ಬಿಡಿ. ತಿರುಚಿದ ಅಕ್ಷರಗಳ ಕ್ಯಾಪ್ಚಾ ಅಂಧರ ಮುಂದೆ ಎಬ್ಬಿಸಿದ ಗೋಡೆ. ಒಟಿಪಿಗೆ, ಲಾಗಿನ್‌ಗೆ ಸಮಯದ ಮಿತಿ ಹಾಕುವಾಗ ‘ಇನ್ನಷ್ಟು ಸಮಯ ಬೇಕೇ?’ ಎಂದು ಕೇಳುವ ಸೌಜನ್ಯವಿರಲಿ.

ತಾಣದ ಮೂಲೆಯಲ್ಲಿ ಗಾಲಿಕುರ್ಚಿಯ ಚಿಹ್ನೆಯ ಗುಂಡಿಯೊಂದನ್ನು ಕೂರಿಸಿ, ಇದರಿಂದ ಎಲ್ಲ ಸರಿಹೋಯಿತು ಎಂದು ಮಾರುವವರು ಬರುತ್ತಾರೆ. ಅಕ್ಷರ ದೊಡ್ಡದು ಮಾಡುವ, ಬಣ್ಣ ತಿರುಗಿಸುವ ಸೌಲಭ್ಯ ಫೋನಿನಲ್ಲೂ ಬ್ರೌಸರಿನಲ್ಲೂ ಆಗಲೇ ಇದೆ. ಲೇಬಲ್ ಇಲ್ಲದ ಖಾನೆ, ಸ್ಕ್ಯಾನ್ ಮಾಡಿದ ಸುತ್ತೋಲೆ ಆ ಗುಂಡಿಯ ಹಿಂದೆ ಹಾಗೆಯೇ ಉಳಿದಿರುತ್ತವೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರಲ್ಲಿ ಇಂಥ ಸಾಧನ ಮಾರುವ ಕಂಪನಿಯೊಂದರ ಮೇಲೆ, ಯಾವ ತಾಣವನ್ನಾದರೂ ಮಾನದಂಡಕ್ಕೆ ತರುತ್ತೇವೆಂಬ ದಾರಿತಪ್ಪಿಸುವ ಪ್ರಚಾರಕ್ಕಾಗಿ 10 ಲಕ್ಷ ಡಾಲರ್ ಹೊರಿಸಿತು. ಅಂಥ ಗುಂಡಿಗೆ ಕೊಡುವ ದುಡ್ಡನ್ನು ಪುಟಗಳನ್ನೇ ತಿದ್ದಿಸಲು ಖರ್ಚು ಮಾಡಿ.

ಹೊಸ ತಾಣ ಮಾಡಿಸುವ ಟೆಂಡರಿನಲ್ಲೇ ‘ಡಬ್ಲ್ಯುಸಿಎಜಿ ಎಎ ಹಂತ, ಐಎಸ್ 17802’ ಎಂದು ಬರೆಸಿ. ಎರಡನೆಯದು ಭಾರತೀಯ ಮಾನಕ ಸಂಸ್ಥೆಯ ನಮ್ಮದೇ ಮಾನದಂಡ. ಸರ್ಕಾರಿ ತಾಣಗಳಿಗೆ ಕೇಂದ್ರದ ಜಿಐಜಿಡಬ್ಲ್ಯು ಮಾರ್ಗಸೂಚಿಯೂ ಇದೆ. ಹಣ ಪಾವತಿಗೆ ಮುನ್ನ ಸ್ಕ್ರೀನ್ ರೀಡರ್ ಬಳಸುವವರೊಬ್ಬರಿಂದ ಪರೀಕ್ಷೆ ಮಾಡಿಸುವ ಷರತ್ತು ಹಾಕಿ, ಆ ಕೆಲಸಕ್ಕೆ ಅವರಿಗೆ ಸಂಭಾವನೆ ಕೊಡಿ. ಅಂಧರು ಕಂಪ್ಯೂಟರ್ ಕಲಿತು ಕೆಲಸಕ್ಕೆ ಸೇರುವಂತೆ ದಶಕಗಳಿಂದ ದುಡಿಯುತ್ತಿರುವ ಮಿತ್ರ ಜ್ಯೋತಿ, ಎನೇಬಲ್ ಇಂಡಿಯಾದಂಥ ಸಂಸ್ಥೆಗಳು ಬೆಂಗಳೂರಿನಲ್ಲೇ ಇವೆ. ಪರೀಕ್ಷಿಸುವವರು ಸಿಗುವುದಿಲ್ಲ ಎಂಬ ಮಾತು ನಿಲ್ಲುವುದಿಲ್ಲ.

ಕಾನೂನು ಏನೆನ್ನುತ್ತದೆ

2016ರ ಕಾಯ್ದೆಯ 42ನೇ ಕಲಂ ಎಲೆಕ್ಟ್ರಾನಿಕ್ ಮಾಧ್ಯಮದ ವಿಷಯಗಳು ಅಂಗವಿಕಲರಿಗೆ ಬಳಸಬಲ್ಲ ರೂಪದಲ್ಲಿ ಸಿಗುವಂತೆ ಮಾಡುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸುತ್ತದೆ. 46ನೇ ಕಲಂ ಸೇವೆ ಕೊಡುವ ಎಲ್ಲರಿಗೂ, ಖಾಸಗಿಯವರಿಗೂ ಅನ್ವಯ. ಕಾಯ್ದೆ ಉಲ್ಲಂಘನೆಗೆ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಮತ್ತೆ ಮಾಡಿದರೆ 50,000ದಿಂದ 5 ಲಕ್ಷ ರೂಪಾಯಿವರೆಗೆ ದಂಡವಿದೆ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಲಭ್ಯತೆಯ ಮಾನದಂಡಗಳು ಬರೀ ಸಲಹೆಯಾಗಿದ್ದರೆ ಸಾಲದು, ಕಡ್ಡಾಯ ನಿಯಮಗಳನ್ನು ರೂಪಿಸಿ ಎಂದು ಕೇಂದ್ರಕ್ಕೆ ಹೇಳಿತು. ಅದೇ ಕೋರ್ಟಿನ 2025ರ ಏಪ್ರಿಲ್ 30ರ ತೀರ್ಪು ಇನ್ನೂ ಮುಂದೆ ಹೋಯಿತು. ಆ್ಯಸಿಡ್ ದಾಳಿಯಲ್ಲಿ ಮುಖ, ಕಣ್ಣು ಕಳೆದುಕೊಂಡವರಿಗೆ ಬ್ಯಾಂಕ್ ಖಾತೆಯ ಕೆವೈಸಿ ವೇಳೆ ‘ಕ್ಯಾಮೆರಾ ಮುಂದೆ ರೆಪ್ಪೆ ಮಿಟುಕಿಸಿ’ ಎಂಬ ಷರತ್ತು ಅಡ್ಡಬಂದಿತ್ತು. ಡಿಜಿಟಲ್ ಸೇವೆ ಎಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದ ನ್ಯಾಯಾಲಯ 20 ನಿರ್ದೇಶನಗಳನ್ನು ಕೊಟ್ಟಿತು.

ತಾಣವೊಂದು ನಿಮಗೆ ಎಟುಕದಿದ್ದರೆ ಮೊದಲು ಅದನ್ನು ನಡೆಸುವವರಿಗೆ ಬರೆಯಿರಿ: ಯಾವ ಪುಟ, ಯಾವ ಫೋನು, ಯಾವ ಸ್ಕ್ರೀನ್ ರೀಡರ್, ಎಲ್ಲಿ ನಿಂತುಹೋಯಿತು ಎಂಬ ವಿವರದೊಂದಿಗೆ. ಉತ್ತರ ಬಾರದಿದ್ದರೆ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ದೂರು ಕೊಡುವ ದಾರಿಯನ್ನು ಕಾಯ್ದೆಯೇ ತೆರೆದಿಟ್ಟಿದೆ. ತಾಣ ನಡೆಸುವವರು ಆ ಪತ್ರಕ್ಕೆ ಕಾಯಬೇಕಿಲ್ಲ. ಜನ ಅತಿ ಹೆಚ್ಚು ತೆರೆಯುವ ಪುಟ, ಅತಿ ಹೆಚ್ಚು ತುಂಬುವ ಅರ್ಜಿ, ತೀರಾ ಈಚಿನ ಸುತ್ತೋಲೆ, ಈ ಮೂರನ್ನು ಈ ವಾರ ಸರಿಪಡಿಸಿ. ಮುಖಪುಟದಲ್ಲಿ ‘ಈ ತಾಣ ಬಳಸಲು ತೊಂದರೆಯಾದರೆ ತಿಳಿಸಿ’ ಎಂದು ಬರೆದು ಒಂದು ದೂರವಾಣಿ ಸಂಖ್ಯೆ ಕೊಡಿ. ಆ ಸಂಖ್ಯೆಯನ್ನೂ ಚಿತ್ರವಾಗಿ ಹಾಕದೆ ಅಂಕಿಗಳಲ್ಲೇ ಟೈಪ್ ಮಾಡಿ, ಕರೆ ಬಂದಾಗ ಎತ್ತಿಕೊಳ್ಳುವ ಹೊಣೆಯನ್ನು ಒಬ್ಬರಿಗೆ ಒಪ್ಪಿಸಿ.